ಕೋಶದ ವಿಳಾಸ ಬಲ್ಲ ಓದು

1933ರಲ್ಲಿ ಜ್ಯೂರಿಕ್‌ನ ವೈದ್ಯ ಮಾನೆಸ್ ಕಾರ್ಟಗೇನರ್ ತಾವು ಕಂಡ ಕೆಲವು ರೋಗಿಗಳ ಬಗ್ಗೆ ಬರೆದರು. ಸದಾ ಕಟ್ಟಿಕೊಂಡಿರುವ ಮೂಗು, ವಾಸಿಯಾಯಿತು ಎನ್ನುವಷ್ಟರಲ್ಲಿ ಮರಳಿ ಬರುವ ಸೈನಸ್ ಸೋಂಕು, ಹಿಗ್ಗಿಹೋದ ಶ್ವಾಸನಾಳಗಳಲ್ಲಿ ನಿಂತ ಕಫ. ಇಷ್ಟೇ ಆಗಿದ್ದರೆ ಅದನ್ನು ಎದೆಯ ಕಾಯಿಲೆ ಎಂದು ಬಿಡಬಹುದಿತ್ತು. ಆದರೆ ಇವರ ಹೃದಯ ಬಲಕ್ಕಿತ್ತು, ಯಕೃತ್ತು ಎಡಕ್ಕಿತ್ತು, ಒಳಗಿನ ಅಂಗಗಳೆಲ್ಲ ಎಡಬಲ ಅದಲುಬದಲಾಗಿದ್ದವು. ಯಕೃತ್ತು ಯಾವ ಪಕ್ಕದಲ್ಲಿದೆ ಎಂಬುದಕ್ಕೂ ಕೆಮ್ಮಿಗೂ ಏನು ಸಂಬಂಧ? ನಾಲ್ಕು ದಶಕ ಇದಕ್ಕೆ ಉತ್ತರ ಸಿಗಲಿಲ್ಲ.

1976ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಅಫ್ಜೆಲಿಯಸ್ ಅರ್ಧ ಉತ್ತರ ಕೊಟ್ಟರು. ಮಕ್ಕಳಾಗದ ಕೆಲವು ಗಂಡಸರ ವೀರ್ಯಾಣುಗಳನ್ನು ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದರು. ಬಾಲದೊಳಗಿನ ನಳಿಕೆಗಳಿಗೆ ಅಂಟಿಕೊಂಡಿರಬೇಕಾದ, ಬಾಲವನ್ನು ಬಡಿಯುವಂತೆ ಮಾಡುವ ಡೈನೀನ್ ಎಂಬ ಪ್ರೋಟೀನಿನ ತೋಳುಗಳೇ ಅಲ್ಲಿ ಇರಲಿಲ್ಲ. ಶ್ವಾಸನಾಳದ ಒಳಮೈಯಲ್ಲಿ ಕಫವನ್ನು ಮೇಲಕ್ಕೆ ದೂಡುವ, ಸಿಲಿಯಾ ಎಂಬ ಸೂಕ್ಷ್ಮ ಕೂದಲುಗಳ ಒಳರಚನೆಯೂ ವೀರ್ಯಾಣುವಿನ ಬಾಲದಂಥದ್ದೇ. ಅವು ಅಲುಗದಿದ್ದರೆ ಕಫ ನಿಲ್ಲುತ್ತದೆ, ಸೋಂಕಾಗುತ್ತದೆ. ಮೂಗು, ಎದೆ, ಮಕ್ಕಳಾಗದಿರುವುದು, ಮೂರಕ್ಕೂ ಒಂದೇ ಕಾರಣ. ಹೃದಯ ಬಲಕ್ಕೆ ಹೋದದ್ದೇಕೆ? ಭ್ರೂಣದಲ್ಲಿಯೂ ಎಲ್ಲೋ ಸಿಲಿಯಾಗಳು ಬಡಿಯುತ್ತಿರಬೇಕು, ಆ ಬಡಿತವೇ ಎಡಬಲವನ್ನು ತೀರ್ಮಾನಿಸುತ್ತಿರಬೇಕು ಎಂದು ಅಫ್ಜೆಲಿಯಸ್ ಊಹಿಸಿದರು. ಈ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಅಂಗಗಳು ಅದಲುಬದಲಾಗಿರುತ್ತವೆ. ಎಂದರೆ ಬಡಿತ ನಿಂತರೆ ಎಡಬಲ ತಿರುಗಿಬಿಡುವುದಿಲ್ಲ, ಎತ್ತ ಬೇಕಾದರೂ ಹೋಗಬಹುದು ಎನ್ನುವಂತಾಗುತ್ತದೆ.

ಉಳಿದ ಅರ್ಧ ಉತ್ತರ 1998ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಿಂದ ಬಂತು. ಬಂದ ವಿಭಾಗದ ಹೆಸರೇ ಕೋಶವಿಜ್ಞಾನ ಮತ್ತು ಅಂಗರಚನಾಶಾಸ್ತ್ರ ವಿಭಾಗ. ಅದರ ಅಂದಿನ ಮುಖ್ಯಸ್ಥ ನೊಬುತಾಕಾ ಹಿರೊಕಾವಾ ವೈದ್ಯರಾಗಿ ಓದಿ, ಅಂಗರಚನಾಶಾಸ್ತ್ರಜ್ಞರಾಗಿ ಬೆಳೆದು, ಕೋಶದೊಳಗೆ ಸಾಮಾನು ಹೊತ್ತೊಯ್ಯುವ ಕೈನೆಸಿನ್ ಪ್ರೋಟೀನುಗಳಿಗೆ ತಮ್ಮ ಜೀವಮಾನ ಕೊಟ್ಟವರು. ಅಂಥ ಒಂದು ಪ್ರೋಟೀನಿನ ಜೀನ್ ಅನ್ನು ಅವರ ಗುಂಪು ಇಲಿಗಳಲ್ಲಿ ತೆಗೆದುಹಾಕಿತು. ಇಲಿಮರಿಗಳು ಗರ್ಭದ ನಡುವಿನಲ್ಲೇ ಸತ್ತವು. ಕೋಶ ಮಾತ್ರ ಗೊತ್ತಿರುವ ವಿದ್ಯಾರ್ಥಿಗೆ ಇಲ್ಲಿಗೆ ಕತೆ ಮುಗಿಯುತ್ತಿತ್ತು: ಈ ಜೀನ್ ಇಲ್ಲದಿದ್ದರೆ ಭ್ರೂಣ ಬದುಕುವುದಿಲ್ಲ ಎಂದು ಬರೆದು ಮುಂದಿನ ಪ್ರಯೋಗಕ್ಕೆ ಹೋಗಬಹುದಿತ್ತು. ಇವರು ಆ ಭ್ರೂಣಗಳ ಹೃದಯ ನೋಡಿದರು. ಭ್ರೂಣದ ಹೃದಯ ಮೊದಲು ನೆಟ್ಟಗಿನ ಕೊಳವೆ, ಆಮೇಲೆ ಅದು ಬಲಕ್ಕೆ ಬಾಗಿ ಸುರುಳಿಯಾಗುತ್ತದೆ. ಈ ಭ್ರೂಣಗಳಲ್ಲಿ ಕೆಲವು ಬಲಕ್ಕೆ, ಕೆಲವು ಎಡಕ್ಕೆ ಬಾಗಿದ್ದವು. ಹೃದಯದ ಕೊಳವೆ ಯಾವ ಹಂತದಲ್ಲಿ ಎತ್ತ ಬಾಗಬೇಕು ಎಂಬುದು ಮನಸ್ಸಿನಲ್ಲಿ ಅಚ್ಚೊತ್ತಿದ್ದವರಿಗೆ ಮಾತ್ರ ಅದು ಕಣ್ಣಿಗೆ ಬೀಳುವ ಸಂಗತಿ.

ಅಲ್ಲಿಂದ ಅವರು ಇನ್ನೂ ಹಿಂದಿನ ಹಂತಕ್ಕೆ ಹೋದರು. ಭ್ರೂಣದ ಅಡಿಮೈಯಲ್ಲಿ ನೋಡ್ ಎಂಬ ಪುಟ್ಟ ಗುಳಿ ಇರುತ್ತದೆ. ಅದರ ಪ್ರತಿ ಕೋಶಕ್ಕೂ ಒಂದೊಂದೇ ಸಿಲಿಯಾ. ಜೀವಂತ ಭ್ರೂಣದ ಆ ಗುಳಿಯಲ್ಲಿ ಹೊಳೆಯುವ ಸಣ್ಣ ಮಣಿಗಳನ್ನು ಬಿಟ್ಟು ನೋಡಿದರೆ ಮಣಿಗಳೆಲ್ಲ ಒಂದೇ ಸಮನೆ ಎಡಕ್ಕೆ ಹರಿದವು. ಸಿಲಿಯಾಗಳು ಸುತ್ತುತ್ತ ದ್ರವವನ್ನು ಎಡಕ್ಕೆ ತಳ್ಳುತ್ತಿದ್ದವು. ಜೀನ್ ಕಳೆದುಕೊಂಡ ಭ್ರೂಣಗಳಲ್ಲಿ ಸಿಲಿಯಾವೂ ಇರಲಿಲ್ಲ, ಹರಿವೂ ಇರಲಿಲ್ಲ. ಒಂದು ತೊಡಕು ಉಳಿದಿತ್ತು. ವೃತ್ತಾಕಾರವಾಗಿ ಸುತ್ತುವ ವಸ್ತು ದ್ರವವನ್ನು ಸುತ್ತಿಸಬೇಕೇ ಹೊರತು ಒಂದೇ ದಿಕ್ಕಿಗೆ ತಳ್ಳುವುದು ಹೇಗೆ? ಸಿಲಿಯಾಗಳು ಭ್ರೂಣದ ಬಾಲದ ಕಡೆಗೆ ವಾಲಿಕೊಂಡಿರುತ್ತವೆ ಎಂಬುದು ಕೆಲವು ವರ್ಷಗಳ ಮೇಲೆ ತಿಳಿಯಿತು. ವಾಲಿದ ಸಿಲಿಯಾ ಬಲಕ್ಕೆ ಬರುವಾಗ ಕೋಶದ ಮೈಗೆ ತಾಗಿಕೊಂಡಂತೆ ಬರುತ್ತದೆ, ಅಲ್ಲಿ ದ್ರವ ಅಷ್ಟಾಗಿ ಅಲುಗುವುದಿಲ್ಲ. ಎಡಕ್ಕೆ ಹೋಗುವಾಗ ಮೈಯಿಂದ ದೂರದಲ್ಲಿ ಬೀಸುತ್ತದೆ, ಅಲ್ಲಿ ದ್ರವ ಜೋರಾಗಿ ಸರಿಯುತ್ತದೆ. ತಲೆಯಿಂದ ಬಾಲಕ್ಕೆ, ಬೆನ್ನಿನಿಂದ ಹೊಟ್ಟೆಗೆ ಎಂಬ ಎರಡು ದಿಕ್ಕುಗಳು ಮೊದಲೇ ಗೊತ್ತಿರುವ ಭ್ರೂಣ, ಮೂರನೆಯ ದಿಕ್ಕನ್ನು ಸಿಲಿಯಾಗಳ ತಿರುಗುವಿಕೆಯಿಂದ ಕಟ್ಟಿಕೊಳ್ಳುತ್ತದೆ. 2002ರಲ್ಲಿ ಜಪಾನಿನ ಸಂಶೋಧಕರು ಹೊರಗಿನಿಂದ ದ್ರವವನ್ನು ಬಲಕ್ಕೆ ಹರಿಸಿ ಇಲಿಯ ಭ್ರೂಣದ ಎಡಬಲವನ್ನೇ ಬದಲಿಸಿ ತೋರಿಸಿದರು. ನಮ್ಮ ಎದೆಗೂಡಿನ ಎಡಪಕ್ಕದಲ್ಲಿ ಮಿಡಿಯುವ ಹೃದಯದ ಜಾಗ, ತಾಯಿಯ ಹೊಟ್ಟೆಯಲ್ಲಿ ನಾವು ತೀರಾ ಚಿಕ್ಕವರಿದ್ದಾಗ ಹರಿದ ಆ ದ್ರವದಿಂದ ನಿಶ್ಚಯವಾದದ್ದು. ಈ ವಿಷಯವನ್ನು ಎಷ್ಟು ಸಲ ಓದಿದರೂ ನನ್ನ ಬೆರಗು ಕಡಿಮೆಯಾಗಿಲ್ಲ.

ಇಷ್ಟು ವಿವರವಾಗಿ ಇದನ್ನು ಹೇಳಲು ಕಾರಣವಿದೆ. ವಿಶ್ವವಿದ್ಯಾಲಯದ ಉನ್ನತ ಅಧ್ಯಯನದಲ್ಲಿ ಕೋಶವಿಜ್ಞಾನ ಮತ್ತು ಅಂಗರಚನಾಶಾಸ್ತ್ರ ಒಂದೇ ಸೂರಿನಡಿ ಇರುವುದನ್ನು ಆಡಳಿತದ ಅನುಕೂಲಕ್ಕಾಗಿ ಮಾಡಿಕೊಂಡ ಜೋಡಣೆ ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗೆ ಆಗಿರುವುದೂ ಉಂಟು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಎಷ್ಟೋ ವೈದ್ಯಕೀಯ ಶಾಲೆಗಳು ಅಂಗರಚನಾಶಾಸ್ತ್ರ ವಿಭಾಗಕ್ಕೆ ಕೋಶವಿಜ್ಞಾನದ ಹೆಸರು ಸೇರಿಸಿದವು. ಸಂಶೋಧನೆಯ ಹಣ ಆ ಕಡೆಗಿತ್ತು, ಹೊಸದಾಗಿ ನೇಮಕವಾದವರು ಆ ಕಡೆಯವರು. ಕೆಲವೆಡೆ ಅಂಗರಚನೆ ಎಂಬ ಮಾತು ಫಲಕದಿಂದಲೇ ಬಿದ್ದುಹೋಯಿತು. ಹೆಸರು ಉಳಿದ ಕಡೆಯೂ ದೇಹ ಕೊಯ್ದು ಪಾಠ ಹೇಳುವವರು ಒಂದು ಮೂಲೆ ಸೇರಿದರು, ಪ್ರಯೋಗಾಲಯದವರು ಇನ್ನೊಂದು ಮೂಲೆ. ನನ್ನ ವಾದ ಇಷ್ಟು: ಈ ಎರಡು ಓದುಗಳು ಒಬ್ಬನೇ ವಿದ್ಯಾರ್ಥಿಯ ತಲೆಯಲ್ಲಿ, ಒಂದೇ ಕಾಲದಲ್ಲಿ ಕೂಡಬೇಕು. ಕೋಶ ಏನು ಮಾಡುತ್ತದೆ ಎಂಬುದರ ದೊಡ್ಡ ಪಾಲು ಅದು ಎಲ್ಲಿದೆ ಎಂಬುದರಿಂದ ನಿರ್ಧಾರವಾಗುತ್ತದೆ. ವಿಳಾಸ ಹರಿದುಹೋದ ಕಾಗದದಂತೆ, ಜಾಗ ಗೊತ್ತಿಲ್ಲದ ಕೋಶದ ಒಕ್ಕಣೆಯನ್ನು ಓದಬಹುದು. ಯಾರು ಯಾರಿಗೆ ಬರೆದದ್ದು ಎಂದು ಗೊತ್ತಾಗುವುದಿಲ್ಲ.

ಹಿಂದೆ ಈ ಎರಡು ಬೇರೆಯಾಗಿರಲೇ ಇಲ್ಲ. ಕೋಶ ಇಬ್ಭಾಗವಾಗುವಾಗ ಅದರೊಳಗಿನ ಎಳೆಗಳು ಹೇಗೆ ಸಾಲುಗಟ್ಟಿ ಬೇರೆಯಾಗುತ್ತವೆ ಎಂಬುದನ್ನು 1882ರಲ್ಲಿ ಪುಸ್ತಕವಾಗಿ ಬರೆದ ವಾಲ್ಟರ್ ಫ್ಲೆಮಿಂಗ್ ಕೀಲ್ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ. ಆ ಎಳೆಗಳಿಗೆ ಕ್ರೋಮೋಸೋಮ್ ಎಂದು ಹೆಸರಿಟ್ಟ ವಾಲ್ಡೇಯರ್ ಕೂಡ ಅಂಗರಚನಾಶಾಸ್ತ್ರಜ್ಞರೇ. ಮಿದುಳು ಬಿಡಿಬಿಡಿ ಕೋಶಗಳಿಂದ ಆದದ್ದೆಂದು ತೋರಿಸಿ 1906ರ ನೊಬೆಲ್ ಹಂಚಿಕೊಂಡ ಸ್ಪೇನಿನ ಕಹಾಲ್ ವಲೆನ್ಸಿಯಾದಲ್ಲಿ ಅಂಗರಚನೆಯ ಪಾಠ ಹೇಳುತ್ತಿದ್ದವರು. ದೇಹದ ಹೊರಗೆ ಅಂಗಾಂಶವನ್ನು ಬೆಳೆಸಬಹುದು ಎಂದು 1907ರಲ್ಲಿ ಕಪ್ಪೆಯ ಭ್ರೂಣದ ನರದ ಚೂರಿನಿಂದ ತೋರಿಸಿದ ರಾಸ್ ಹ್ಯಾರಿಸನ್ ಅದೇ ಪರಂಪರೆಯವರು. ಇಟಲಿಯ ತೂರಿನ್‌ನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಜುಸೆಪ್ಪೆ ಲೇವಿ ಅವರ ಕೈಕೆಳಗೆ ಪಳಗಿದ ಮೂವರಿಗೆ ನೊಬೆಲ್ ಬಂತು: 1969ರಲ್ಲಿ ಲೂರಿಯಾ, 1975ರಲ್ಲಿ ದುಲ್ಬೆಕ್ಕೊ, 1986ರಲ್ಲಿ ರೀತಾ ಲೇವಿ ಮೊಂತಾಲ್ಚೀನಿ. ಒಬ್ಬರು ವೈರಸ್ಸು ಮತ್ತು ಬ್ಯಾಕ್ಟೀರಿಯಾ, ಇನ್ನೊಬ್ಬರು ಕ್ಯಾನ್ಸರಿನ ವೈರಸ್ಸು, ಮತ್ತೊಬ್ಬರು ನರಗಳನ್ನು ಬೆಳೆಸುವ ದ್ರವ್ಯ. ಮೂವರೂ ಹೊರಟದ್ದು ಸ್ಲೈಡು ಮಾಡುವುದನ್ನು ಕಟ್ಟುನಿಟ್ಟಾಗಿ ಕಲಿಸುತ್ತಿದ್ದ ಒಂದೇ ಸಂಸ್ಥೆಯಿಂದ.

ಇದೆಲ್ಲ ಹಳೆಯ ಕಾಲ, ಅಂದು ವಿಜ್ಞಾನಗಳು ಕವಲೊಡೆದಿರಲಿಲ್ಲ ಎನ್ನಬಹುದು. ಹಾಗಾದರೆ ಆಧುನಿಕ ಕೋಶವಿಜ್ಞಾನ ಹುಟ್ಟಿದ ಜಾಗವನ್ನೇ ನೋಡೋಣ. 1974ರ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಜಾರ್ಜ್ ಪಲಾಡೆ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅಂಗರಚನೆ ಕಲಿಸುತ್ತಿದ್ದವರು. ಅವರ ವೈದ್ಯಕೀಯ ಪ್ರಬಂಧ ಡಾಲ್ಫಿನ್ನಿನ ಮೂತ್ರಪಿಂಡದ ಬಗ್ಗೆ. ನೀರಲ್ಲಿ ಬದುಕುವ ಸಸ್ತನಿ ಉಪ್ಪನ್ನು ಹೇಗೆ ನಿಭಾಯಿಸುತ್ತದೆ ಎಂಬ ಪ್ರಶ್ನೆಗೆ ಅವರು ಮೂತ್ರಪಿಂಡದ ರಚನೆಯಲ್ಲಿ ಉತ್ತರ ಹುಡುಕಿದ್ದರು. ಮುಂದೆ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಅವರು ಕೈಗೆತ್ತಿಕೊಂಡ ಪ್ರಶ್ನೆ: ಕೋಶದಲ್ಲಿ ತಯಾರಾದ ಪ್ರೋಟೀನು ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ? ಇದಕ್ಕೆ ಅವರು ಆರಿಸಿಕೊಂಡದ್ದು ಗಿನಿಯಿಲಿಯ ಮೇದೋಜೀರಕ ಗ್ರಂಥಿಯನ್ನು.

ಆ ಆಯ್ಕೆಯಲ್ಲೇ ಅರ್ಧ ಉತ್ತರವಿತ್ತು. ಜೀರ್ಣರಸ ಮಾಡುವ ಆ ಗ್ರಂಥಿಯ ಕೋಶಗಳು ಒಂದು ಸಣ್ಣ ಕುಹರದ ಸುತ್ತ ವೃತ್ತವಾಗಿ ಕುಳಿತಿರುತ್ತವೆ. ಪ್ರತಿ ಕೋಶಕ್ಕೂ ಅಗಲವಾದ ಬುಡವಿದೆ, ಕುಹರದ ಕಡೆಗೆ ಕಿರಿದಾದ ತುದಿಯಿದೆ. ಪ್ರೋಟೀನು ತಯಾರಿಸುವ ಪದರಗಳು ಬುಡದಲ್ಲಿ, ಗಾಲ್ಜಿ ಸಂಕೀರ್ಣ ನಡುವಿನಲ್ಲಿ, ರಸ ತುಂಬಿದ ಕಣಗಳು ತುದಿಯಲ್ಲಿ. ಅಮೈನೋ ಆಮ್ಲಕ್ಕೆ ವಿಕಿರಣಶೀಲ ಗುರುತು ಹಾಕಿ ಕೆಲವೇ ನಿಮಿಷ ಗ್ರಂಥಿಯ ಹೋಳಿಗೆ ಉಣಿಸಿ, ಬೇರೆ ಬೇರೆ ಹೊತ್ತಿಗೆ ಹೋಳುಗಳನ್ನು ತೆಗೆದು ನೋಡಿದಾಗ, ಗುರುತಿನ ಕಪ್ಪು ಚುಕ್ಕಿಗಳು ಮೊದಲು ಬುಡದಲ್ಲಿ, ಆಮೇಲೆ ಗಾಲ್ಜಿಯ ಬಳಿ, ಒಂದೆರಡು ಗಂಟೆಯ ಮೇಲೆ ತುದಿಯ ಕಣಗಳಲ್ಲಿ ಕಂಡವು. ದಾರಿ ಕಣ್ಣೆದುರಿಗೇ ಬಿಡಿಸಿಕೊಂಡಿತು. ತಲೆಬುಡವಿಲ್ಲದ, ತಟ್ಟೆಯಲ್ಲಿ ಚಪ್ಪಟೆಯಾಗಿ ಹರಡಿಕೊಂಡ ಯಾವುದೋ ಕೋಶವನ್ನು ಆರಿಸಿದ್ದರೆ ಅದೇ ಚುಕ್ಕಿಗಳು ಗೊಂದಲವಾಗಿ ಕಾಣುತ್ತಿದ್ದವು. ಯಾವ ಅಂಗದ ಯಾವ ಕೋಶ ತನ್ನ ಕೆಲಸವನ್ನು ಒಂದೇ ಗೆರೆಯಲ್ಲಿ ಜೋಡಿಸಿಟ್ಟುಕೊಂಡಿದೆ ಎಂದು ತಿಳಿದಿರುವುದು ಹಿಸ್ಟಾಲಜಿಯ, ಎಂದರೆ ಅಂಗಾಂಶದ ಸೂಕ್ಷ್ಮರಚನೆಯ ಓದಿನ, ತಿಳಿವಳಿಕೆ.

ಆ ಕಪ್ಪು ಚುಕ್ಕಿಗಳ ವಿಧಾನವೂ ಬೆಳೆದದ್ದು ಮತ್ತೊಂದು ಅಂಗರಚನಾಶಾಸ್ತ್ರ ವಿಭಾಗದಲ್ಲಿ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಲೆಬ್ಲಾಂಡ್ ಅಂಗಾಂಶದ ತೆಳು ಪದರದ ಮೇಲೆ ಫೋಟೋ ದ್ರಾವಣ ಬಳಿದು, ವಿಕಿರಣ ಬಿದ್ದ ಜಾಗವನ್ನು ಚುಕ್ಕಿಯಾಗಿ ಕಾಣಿಸುವ ತಂತ್ರವನ್ನು 1940ರ ದಶಕದಲ್ಲಿ ಹದಗೊಳಿಸಿದರು. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಪೂರ್ತಿ ಹೊಸದಾಗುತ್ತದೆ, ಹಳೆಯ ಕೋಶಗಳು ಉದುರುತ್ತವೆ, ಗುಂಡಿಗಳ ತಳದಲ್ಲಿ ಹುಟ್ಟಿದ ಹೊಸವು ಮೇಲಕ್ಕೆ ಏರಿ ಬರುತ್ತವೆ ಎಂಬುದು ಅವರ ಪ್ರಯೋಗಾಲಯದಲ್ಲಿ ಸ್ಪಷ್ಟವಾಯಿತು. ದೊಡ್ಡವರ ದೇಹದ ಅಂಗಾಂಶಗಳನ್ನು ಹೊಸದು ಮಾಡುತ್ತಿರುವ ಆಕರಕೋಶಗಳ ಕಲ್ಪನೆ ಗಟ್ಟಿಯಾದದ್ದು ಹೀಗೆ. ಇಲ್ಲಿಯೂ ಎಲ್ಲವೂ ಜಾಗದ ಮಾತೇ. ಗುಂಡಿಯ ತಳದಲ್ಲಿರುವ ಕೋಶ ವಿಭಜಿಸುತ್ತದೆ, ಮೇಲೇರಿದ ಕೋಶ ದುಡಿಯುತ್ತದೆ, ತುದಿ ತಲುಪಿದ್ದು ಉದುರುತ್ತದೆ. ಮೆಕ್‌ಗಿಲ್‌ನ ಆ ವಿಭಾಗ ಮುಂದೆ ಅಂಗರಚನೆ ಮತ್ತು ಕೋಶವಿಜ್ಞಾನ ಎಂಬ ಜೋಡಿ ಹೆಸರು ಹೊತ್ತದ್ದು ಸಹಜವೇ.

ಆಮೇಲಿನ ದಶಕಗಳಲ್ಲಿ ಕೋಶವಿಜ್ಞಾನ ಬೇರೆ ದಾರಿ ಹಿಡಿಯಿತು. ಅಂಗವನ್ನು ಕಿಣ್ವಗಳಲ್ಲಿ ಕರಗಿಸಿ ಕೋಶಗಳನ್ನು ಬಿಡಿಬಿಡಿಯಾಗಿಸಿ, ಒಂದೊಂದರಲ್ಲೂ ಯಾವ ಜೀನುಗಳು ಕೆಲಸ ಮಾಡುತ್ತಿವೆ ಎಂದು ಯಂತ್ರಗಳಿಂದ ಓದಿಸುವುದು ಸಾಧ್ಯವಾಯಿತು. ಅದರ ಫಲವನ್ನು ಕಡೆಗಣಿಸುವಂತಿಲ್ಲ. ನಾವು ಒಂದೇ ಎಂದುಕೊಂಡಿದ್ದ ಕೋಶ ಹತ್ತು ಬಗೆಯಾಗಿ ಒಡೆದು ಕಂಡಿತು. ಆದರೆ ಕರಗಿಸುವ ಹೊತ್ತಿಗೇ ಯಾರ ಪಕ್ಕ ಯಾರಿದ್ದರು ಎಂಬ ಸಂಗತಿ ಅಳಿಸಿಹೋಗುತ್ತಿತ್ತು. 2016ರಲ್ಲಿ ಅವೀವ್ ರೆಗೇವ್ ಮತ್ತು ಸಾರಾ ಟೈಕ್‌ಮನ್ ಮುಂದಾಳುತನದಲ್ಲಿ ಮನುಷ್ಯ ದೇಹದ ಎಲ್ಲ ಕೋಶಗಳ ಅಟ್ಲಾಸ್ ಮಾಡುವ ಅಂತರರಾಷ್ಟ್ರೀಯ ಯೋಜನೆ ಶುರುವಾದಾಗ ಈ ಕೊರತೆ ಎದ್ದು ಕಂಡಿತು. ಪಟ್ಟಿ ಎಷ್ಟೇ ಉದ್ದವಾದರೂ ಅದು ಅಟ್ಲಾಸ್ ಆಗುವುದಿಲ್ಲ. ಈಗ ಅಂಗಾಂಶದ ಪದರವನ್ನು ಕರಗಿಸದೆ, ಇದ್ದ ಜಾಗದಲ್ಲಿಯೇ ಜೀನುಗಳ ಚಟುವಟಿಕೆ ಓದುವ ವಿಧಾನಗಳು ಬಂದಿವೆ. ನೇಚರ್ ಮೆಥಡ್ಸ್ ಪತ್ರಿಕೆ 2020ರ ವರ್ಷದ ವಿಧಾನವೆಂದು ಆರಿಸಿದ್ದು ಇದನ್ನೇ. ಎಂದರೆ ಅತ್ಯಾಧುನಿಕ ಯಂತ್ರವೂ ಕೊನೆಗೆ ಬಂದು ನಿಲ್ಲುವುದು ಗಾಜಿನ ಸ್ಲೈಡಿನ ಮೇಲೆ, ಒಂದು ತೆಳು ಪದರದ ಮುಂದೆ. ಆ ಪದರ ಮೂತ್ರಪಿಂಡದ ಹೊರಭಾಗದ್ದೋ ಒಳಭಾಗದ್ದೋ, ಅಡ್ಡ ಕೊಯ್ದದ್ದೋ ಓರೆ ಕೊಯ್ದದ್ದೋ ಎಂದು ಒಂದು ನೋಟದಲ್ಲಿ ಹೇಳಬಲ್ಲವರು ಪ್ರಯೋಗಾಲಯಗಳಲ್ಲಿ ಕಡಿಮೆಯಾಗಿರುವ ಕಾಲದಲ್ಲೇ ಹೀಗಾಗಿದೆ.

ಆ ನೋಟ ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂಗಾಂಶದ ತುಂಡನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಹಂತಹಂತವಾಗಿ ಆಲ್ಕೋಹಾಲಿನಲ್ಲಿ ನೀರು ತೆಗೆದು, ಕರಗಿದ ಪ್ಯಾರಾಫಿನ್ ಮೇಣ ತುಂಬಿ ಅಚ್ಚು ಮಾಡುತ್ತಾರೆ. ಮೈಕ್ರೋಟೋಮಿನ ಹಿಡಿ ತಿರುಗಿಸಿದಂತೆ ಐದು ಮೈಕ್ರಾನ್ ದಪ್ಪದ ಪದರಗಳು ಒಂದಕ್ಕೊಂದು ಅಂಟಿಕೊಂಡು ಪಟ್ಟಿಯಾಗಿ ಇಳಿಯುತ್ತವೆ. ಬ್ಲೇಡಿನ ಕೋನ ಚೂರು ತಪ್ಪಿದರೆ ಪಟ್ಟಿ ಸುಕ್ಕಾಗುತ್ತದೆ, ಉಸಿರು ತಾಗಿದರೆ ಹಾರಿಹೋಗುತ್ತದೆ. ಕುಂಚದ ತುದಿಯಲ್ಲಿ ಎತ್ತಿ ಬೆಚ್ಚಗಿನ ನೀರಿನ ಮೇಲೆ ಬಿಟ್ಟರೆ ಅದು ಬಿಚ್ಚಿಕೊಳ್ಳುತ್ತದೆ, ಆಗ ಸ್ಲೈಡನ್ನು ಕೆಳಗಿನಿಂದ ತಂದು ಹಿಡಿದುಕೊಳ್ಳಬೇಕು. ಬಣ್ಣ ಹಾಕಿದ ಮೇಲೆ ಕೋಶಕೇಂದ್ರ ನೀಲಿ, ಉಳಿದದ್ದು ಗುಲಾಬಿ. ಹೊಸಬನಿಗೆ ಅದು ನೀಲಿ ಗುಲಾಬಿ ಕಲೆಗಳ ರಾಶಿ. ಒಂದೇ ಅಂಗವನ್ನು ಬೇರೆ ಬೇರೆ ದಿಕ್ಕಿನಿಂದ ಕೊಯ್ದು, ಒಂದರ ಹಿಂದೆ ಒಂದು ಪದರ ನೋಡುತ್ತ ಹೋದಂತೆ, ಸ್ಲೈಡಿನಲ್ಲಿ ಉಂಗುರವಾಗಿ ಕಂಡದ್ದು ದೇಹದಲ್ಲಿ ಕೊಳವೆ, ಗೆರೆಯಾಗಿ ಕಂಡದ್ದು ಹಾಳೆ ಎಂಬುದು ನಿಧಾನವಾಗಿ ಮನಸ್ಸಿಗೆ ಇಳಿಯುತ್ತದೆ. ಡಿಸೆಕ್ಷನ್ ಹಾಲಿನಲ್ಲಿ ಅದೇ ಅಂಗವನ್ನು ಕೈಯಲ್ಲಿ ಹಿಡಿದು, ಅದಕ್ಕೆ ರಕ್ತ ಬರುವ ದಾರಿಯನ್ನು ಬೆರಳಿನಿಂದ ಹುಡುಕಿದವನಿಗೆ ಇದು ಬೇಗ ಇಳಿಯುತ್ತದೆ. ಪುಸ್ತಕದ ಬಣ್ಣದ ಚಿತ್ರವೂ ಪರದೆಯ ಮೇಲಿನ ಮೂರು ಆಯಾಮದ ಮಾದರಿಯೂ ಇದಕ್ಕೆ ನೆರವಾಗುತ್ತವೆ. ಆದರೆ ಯಾವ ಪದರವನ್ನು ಎಳೆದರೆ ಬರುತ್ತದೆ, ಯಾವುದು ಕಚ್ಚಿಕೊಂಡಿದೆ ಎಂದು ಅವು ಹೇಳಲಾರವು.

ಈ ಕೈಗೆಲಸಕ್ಕೆ ಇನ್ನೂ ಬೆಲೆಯಿದೆಯೇ, ಮನುಷ್ಯ ದೇಹದಲ್ಲಿ ಕಂಡುಹಿಡಿಯಲು ಇನ್ನೇನು ಉಳಿದಿದೆ ಎಂದು ಕೇಳುವವರಿಗೆ 2015ರ ಒಂದು ಸಂಗತಿ ನೆನಪಿಸಬೇಕು. ಮಿದುಳಿಗೆ ದುಗ್ಧರಸ ನಾಳಗಳ ಸಂಪರ್ಕವಿಲ್ಲ ಎಂದು ಪಠ್ಯಪುಸ್ತಕಗಳು ತಲೆಮಾರುಗಳಿಂದ ಹೇಳುತ್ತಿದ್ದವು. ಆ ವರ್ಷ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಕಿಪ್ನಿಸ್ ಅವರ ಪ್ರಯೋಗಾಲಯದ ಆಂಟ್ವಾನ್ ಲುವೋ ಇಲಿಯ ಮಿದುಳಿನ ಪೊರೆಯನ್ನು ಬಿಡಿಸಿ ನೋಡುತ್ತಿದ್ದರು. ಪೊರೆಯನ್ನು ಮೊದಲು ಎಳೆದು ತೆಗೆದು ಆಮೇಲೆ ಗಟ್ಟಿಮಾಡುವುದರ ಬದಲು, ಅದು ತಲೆಬುರುಡೆಯ ಒಳಮೈಗೆ ಅಂಟಿರುವಾಗಲೇ ಗಟ್ಟಿಮಾಡಿ ಆಮೇಲೆ ಬಿಡಿಸಿದರು. ಪೊರೆ ಸುಕ್ಕಾಗದೆ, ಹರಿಯದೆ ಇಡಿಯಾಗಿ ಬಂತು. ಸೂಕ್ಷ್ಮದರ್ಶಕದ ಕೆಳಗೆ ರೋಗನಿರೋಧಕ ಕೋಶಗಳು ಚೆದುರಿರಲಿಲ್ಲ, ನಾಳದೊಳಗೆ ಇದ್ದಂತೆ ಸಾಲಾಗಿ ಕಂಡವು. ಪರೀಕ್ಷಿಸಿದರೆ ಅವು ದುಗ್ಧರಸ ನಾಳಗಳೇ. ಅದೇ ಹೊತ್ತಿಗೆ ಫಿನ್ಲೆಂಡಿನ ಹೆಲ್ಸಿಂಕಿಯ ಗುಂಪೊಂದು ಬೇರೆ ದಾರಿಯಿಂದ ಇದೇ ತೀರ್ಮಾನಕ್ಕೆ ಬಂತು. ಇಟಲಿಯ ಅಂಗರಚನಾಶಾಸ್ತ್ರಜ್ಞ ಪಾವ್ಲೊ ಮಸ್ಕಾಞಿ 1787ರಷ್ಟು ಹಿಂದೆಯೇ ಮಿದುಳಿನ ಪೊರೆಯಲ್ಲಿ ಇಂಥ ನಾಳಗಳಿವೆ ಎಂದು ಬರೆದಿದ್ದರು, ಯಾರೂ ನಂಬಿರಲಿಲ್ಲ. ಇಂದು ಮಿದುಳಿನ ಕಸ ಹೇಗೆ ಹೊರಹೋಗುತ್ತದೆ, ವಯಸ್ಸಾದಂತೆ ಅದು ಏಕೆ ಕುಂಠಿತವಾಗುತ್ತದೆ ಎಂಬ ಸಂಶೋಧನೆ ಈ ನಾಳಗಳ ಸುತ್ತಲೂ ನಡೆದಿದೆ. ಬಾಗಿಲು ತೆರೆದದ್ದು ಛೇದನದ ಕ್ರಮದಲ್ಲಿ ಮಾಡಿದ ಒಂದು ಬದಲಾವಣೆ, ಜೊತೆಗೆ ಯಾವ ಕೋಶಕ್ಕೆ ಯಾವ ಗುರುತು ಹಚ್ಚಬೇಕೆಂಬ ಅರಿವು. ಎರಡರಲ್ಲಿ ಒಂದೇ ಇದ್ದಿದ್ದರೆ ಸಾಲುತ್ತಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸಮಯದ್ದು. ಐದಾರು ವರ್ಷದ ಪಿಎಚ್.ಡಿ.ಯಲ್ಲಿ ವಿದ್ಯಾರ್ಥಿ ಕಲಿಯಬೇಕಾದದ್ದು ಈಗಲೇ ಬೆಟ್ಟದಷ್ಟಿದೆ. ಜೀನ್ ತಿದ್ದುವುದು, ಸೂಕ್ಷ್ಮದರ್ಶಕದ ಹೊಸ ಬಗೆಗಳು, ಕಂಪ್ಯೂಟರಿನಲ್ಲಿ ದತ್ತಾಂಶ ಕಡೆಯುವುದು, ಅಂಕಿಸಂಖ್ಯೆ. ಇದರ ಮೇಲೆ ಒಂದು ವರ್ಷದ ಶವಛೇದನ ಹೇರಿದರೆ ಅವನು ಪ್ರಬಂಧ ಬರೆಯುವುದು ಯಾವಾಗ? ಈ ಮಾತಿನಲ್ಲಿ ಸತ್ಯವಿದೆ. ತೋಳಿನ ಪ್ರತಿ ಸ್ನಾಯುವಿನ ಹುಟ್ಟು, ಕೊನೆ, ನರ ಎಲ್ಲವನ್ನೂ ಕೋಶವಿಜ್ಞಾನದ ವಿದ್ಯಾರ್ಥಿ ಬಾಯಿಪಾಠ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಆತ ಯಾವ ಅಂಗದ ಕೋಶದ ಮೇಲೆ ಪ್ರಬಂಧ ಬರೆಯುತ್ತಾನೋ ಆ ಅಂಗವನ್ನು ಮನುಷ್ಯ ದೇಹದಲ್ಲಿ ಒಮ್ಮೆಯಾದರೂ ತಾನೇ ಬಿಡಿಸಿ ನೋಡಿರಬೇಕು, ಅದರ ಭ್ರೂಣದ ಬೆಳವಣಿಗೆ ಓದಿರಬೇಕು, ಅದರ ಸ್ಲೈಡು ತಾನೇ ಮಾಡಿರಬೇಕು. ಒಂದು ಸೆಮಿಸ್ಟರಿನಲ್ಲಿ ಆಗುವ ಕೆಲಸ ಇದು. ಯಕೃತ್ತಿನ ಕೋಶವನ್ನು ತಟ್ಟೆಯಲ್ಲಿ ಬೆಳೆಸಿ ಅದರ ಬಗ್ಗೆ ಪ್ರಬಂಧ ಮಂಡಿಸಿದವನು ಯಕೃತ್ತನ್ನು ಕೈಯಲ್ಲಿ ಹಿಡಿದೇ ಇಲ್ಲದಿರುವುದು ನಮ್ಮ ಕಾಲದಲ್ಲಿ ಅಪರೂಪವಲ್ಲ. ಯಕೃತ್ತಿನಲ್ಲಿ ರಕ್ತ ಬರುವ ಬದಿಯ ಕೋಶಕ್ಕೂ ಹೊರಹೋಗುವ ಬದಿಯ ಕೋಶಕ್ಕೂ ಸಿಗುವ ಆಮ್ಲಜನಕ ಬೇರೆ, ಮಾಡುವ ಕೆಲಸ ಬೇರೆ. ಪ್ಯಾರಸಿಟಮಾಲ್ ಅತಿಯಾದರೆ ಮೊದಲು ಸಾಯುವುದು ಹೊರಹೋಗುವ ಬದಿಯವು. ತಟ್ಟೆಯಲ್ಲಿ ಈ ಬದಿಗಳೇ ಇಲ್ಲ.

ಇದೇ ವಾದವನ್ನು ನಮ್ಮ ಊರಿನ ಮಟ್ಟಿಗೆ ತಂದು ನೋಡಿದರೆ ಚಿತ್ರ ತಿರುಗಿ ನಿಲ್ಲುತ್ತದೆ. ಅಮೆರಿಕದಲ್ಲಿ ಎರಡನ್ನೂ ಸೇರಿಸಿದ ಮೇಲೆ ಒಂದು ಮತ್ತೊಂದನ್ನು ನುಂಗಿತು; ಇಲ್ಲಿ ಎರಡೂ ಭೇಟಿಯಾಗಿಯೇ ಇಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕೋಶವಿಜ್ಞಾನ ಇರುವುದು ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನ ವಿಭಾಗಗಳಲ್ಲಿ. ಅಂಗರಚನಾಶಾಸ್ತ್ರ ಇರುವುದು ವೈದ್ಯಕೀಯ ಮತ್ತು ಪಶುವೈದ್ಯಕೀಯ ಕಾಲೇಜುಗಳಲ್ಲಿ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಸ್ವಲ್ಪ ದೂರ ಹೋದರೆ ಜಿಕೆವಿಕೆ ಆವರಣ ಸಿಗುತ್ತದೆ. ಅದರೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಆಕರಕೋಶಗಳ ಸಂಶೋಧನಾ ಸಂಸ್ಥೆ ಇವೆ. ಒಂದು ಕಡೆ ಕುದುರೆ, ಹಸುಗಳ ಅಂಗಾಂಗಗಳನ್ನು ಕೈಯಾರೆ ಬಲ್ಲವರು, ಇನ್ನೊಂದು ಕಡೆ ಕೋಶದೊಳಗಿನ ಒಂದೊಂದು ಅಣುವಿನ ಚಲನೆ ಅಳೆಯುವವರು. ಒಂದೇ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಆದರೂ ಇಬ್ಬರ ವಿದ್ಯಾರ್ಥಿಗಳಿಗೂ ಕಡ್ಡಾಯವಾಗಿ ಒಬ್ಬರ ಪಾಠ ಇನ್ನೊಬ್ಬರು ಕೇಳುವ ವ್ಯವಸ್ಥೆಯನ್ನು ನಮ್ಮ ಪದವಿಗಳ ರಚನೆ ಕಲ್ಪಿಸಿಕೊಂಡಿಲ್ಲ.

ವೈದ್ಯಕೀಯ ಕಾಲೇಜಿನ ಸ್ನಾತಕೋತ್ತರ ಓದಿನ ಕಷ್ಟ ಇನ್ನೂ ಆಳದ್ದು. ಎಂಬಿಬಿಎಸ್ ಮುಗಿಸಿದವರು ಅನಾಟಮಿಯ ಎಂ.ಡಿ.ಯನ್ನು ಮೊದಲ ಆಯ್ಕೆಯಾಗಿ ತೆಗೆದುಕೊಳ್ಳುವುದು ವಿರಳ. ರೋಗಿಗಳಿಲ್ಲದ, ಪ್ರಾಕ್ಟೀಸ್ ಇಲ್ಲದ ವಿಷಯವೆಂಬ ಭಾವನೆಯಿಂದ ಪ್ರತಿ ವರ್ಷ ಸೀಟುಗಳು ಖಾಲಿ ಉಳಿಯುತ್ತವೆ. 2023ರಲ್ಲಿ ನೀಟ್ ಪಿಜಿ ಅರ್ಹತೆಯನ್ನು ಶೂನ್ಯ ಪರ್ಸೆಂಟೈಲ್‌ವರೆಗೆ ಇಳಿಸಿದ್ದು ಇಂಥ ಖಾಲಿ ಸೀಟುಗಳನ್ನು ತುಂಬುವ ಪ್ರಯತ್ನವಾಗಿತ್ತು. ವೈದ್ಯರಲ್ಲದವರಿಗೆ ಎಂ.ಎಸ್ಸಿ. ಮೆಡಿಕಲ್ ಅನಾಟಮಿ ಎಂಬ ದಾರಿ ಇದೆ. ಆ ದಾರಿಯಲ್ಲಿ ಬಂದವರಿಗೆ ವೈದ್ಯಕೀಯ ಕಾಲೇಜಿನಲ್ಲಿ ಎಷ್ಟು ಹುದ್ದೆ ಎಂಬ ನಿಯಮ ಆಗಾಗ ಬದಲಾಗುತ್ತ ಬಂದಿರುವುದರಿಂದ, ಓದಲು ಸೇರುವ ಹೊತ್ತಿನಲ್ಲಿದ್ದ ಭರವಸೆ ಓದು ಮುಗಿಯುವ ಹೊತ್ತಿಗೆ ಇರುತ್ತದೆಂಬ ಖಾತ್ರಿಯಿಲ್ಲ. ಇನ್ನು ಪ್ರಬಂಧಗಳು. ಒಣ ಮೂಳೆಗಳನ್ನು ಮೇಜಿನ ಮೇಲೆ ಜೋಡಿಸಿ, ರಕ್ತನಾಳ ಒಳಹೋಗುವ ರಂಧ್ರ ಎಷ್ಟು, ಎಲ್ಲಿ ಎಂದು ಅಳೆದು ಬರೆಯುವುದು ನಮ್ಮಲ್ಲಿ ಬಹು ಚಾಲ್ತಿಯಲ್ಲಿರುವ ಮಾದರಿ. ಅದಕ್ಕೆ ಬೆಲೆಯಿಲ್ಲ ಎನ್ನಲಾರೆ. ಮೂಳೆ ಜೋಡಿಸುವ ಶಸ್ತ್ರವೈದ್ಯರಿಗೆ ನಮ್ಮ ಜನರ ಮೂಳೆಯ ಅಳತೆ ಬೇಕು, ಮೂತ್ರಪಿಂಡ ಕಸಿ ಮಾಡುವವರಿಗೆ ಹೆಚ್ಚುವರಿ ರಕ್ತನಾಳಗಳ ಲೆಕ್ಕ ಬೇಕು. ಆದರೆ ಅದೇ ಮೂಳೆ, ಅದೇ ರಂಧ್ರ, ಅದೇ ಕ್ಯಾಲಿಪರ್ ಕಾಲೇಜಿನಿಂದ ಕಾಲೇಜಿಗೆ ಸುತ್ತುತ್ತಿರುವುದಕ್ಕೆ ವಿದ್ಯಾರ್ಥಿಯ ಸೋಮಾರಿತನ ಕಾರಣವಲ್ಲ. ಆ ಮೂಳೆಯೊಳಗಿನ ಕೋಶ ಏನು ಮಾಡುತ್ತಿದೆ ಎಂದು ಕೇಳುವ ಸಲಕರಣೆಯೂ ಮಾರ್ಗದರ್ಶಕರೂ ಅವನ ಕಟ್ಟಡದಲ್ಲಿಲ್ಲ.

ಕೂಡಿಸಿದರೆ ಏನಾಗಬಹುದು ಎಂಬುದಕ್ಕೆ ನಮ್ಮ ನೆರೆಯಲ್ಲೇ ಪುರಾವೆಯಿದೆ. ಐಐಟಿ ಮದ್ರಾಸಿನ ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರ 2024ರಲ್ಲಿ ಧರಣಿ ಎಂಬ ಹೆಸರಿನಲ್ಲಿ ಎರಡನೆಯ ತ್ರೈಮಾಸಿಕದ ಮನುಷ್ಯ ಭ್ರೂಣಗಳ ಮಿದುಳಿನ ಮೂರು ಆಯಾಮದ ಚಿತ್ರಗಳನ್ನು ಪ್ರಕಟಿಸಿತು. 5,132 ಪದರಗಳನ್ನು ಕೊಯ್ದು, ಒಂದೊಂದು ಕೋಶ ಕಾಣುವಷ್ಟು ಸೂಕ್ಷ್ಮವಾಗಿ ಚಿತ್ರ ತೆಗೆದು, ಮತ್ತೆ ಇಡಿಯ ಮಿದುಳಾಗಿ ಜೋಡಿಸಿದ ಕೆಲಸ ಅದು. ಎಂಜಿನಿಯರುಗಳು, ವೈದ್ಯರು, ನರದ ಅಂಗರಚನೆ ಬಲ್ಲವರು ಒಂದೇ ಮೇಜಿಗೆ ಬಂದದ್ದರಿಂದ ಅದು ಸಾಧ್ಯವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೂರು ದಶಕದಷ್ಟು ಹಳೆಯ ಮಿದುಳು ಭಂಡಾರವಿದೆ. ಕುಟುಂಬದವರ ಒಪ್ಪಿಗೆಯಿಂದ ಪಡೆದ ಮಿದುಳುಗಳನ್ನು ಸಂರಕ್ಷಿಸಿ ಸಂಶೋಧಕರಿಗೆ ಒದಗಿಸುವ ಪದ್ಧತಿ ಅಲ್ಲಿ ಬೇರೂರಿದೆ. ಇದು ಮಿದುಳಿಗೆ ಸಾಧ್ಯವಾದರೆ ಹೃದಯಕ್ಕೆ, ಯಕೃತ್ತಿಗೆ, ಮಂಡಿಯ ಕೀಲಿಗೆ ಸಾಧ್ಯವಾಗಬಾರದೇಕೆ?

ಇಲ್ಲಿ ಬರುವ ಅಡ್ಡಿ ತೀರಾ ವ್ಯಾವಹಾರಿಕವಾದದ್ದು. ಕರ್ನಾಟಕದಲ್ಲಿ ದೇಹದಾನಕ್ಕೆ ಮುಂದೆ ಬರುವವರು ಇದ್ದಾರೆ. ಬೆಳಗಾವಿಯಲ್ಲಿ 2010ರಲ್ಲಿ ವೈದ್ಯರೊಬ್ಬರು, ದಾನವಾಗಿ ಬಂದ ತಮ್ಮ ತಂದೆಯ ದೇಹವನ್ನೇ ವಿದ್ಯಾರ್ಥಿಗಳೆದುರು ಛೇದಿಸಿ ಪಾಠ ಹೇಳಿದ್ದು ನಾಡಿಗೆಲ್ಲ ಸುದ್ದಿಯಾಗಿತ್ತು. ಅದು ತಂದೆಯದೇ ಇಚ್ಛೆಯಾಗಿತ್ತು. ಇಂಥ ಔದಾರ್ಯದಿಂದ ಕಾಲೇಜಿಗೆ ಬಂದ ದೇಹಕ್ಕೆ ರಕ್ತನಾಳದ ಮೂಲಕ ಫಾರ್ಮಲಿನ್ ತುಂಬಿ, ತಿಂಗಳುಗಟ್ಟಲೆ ಇಟ್ಟು, ಆಮೇಲೆ ಛೇದನಕ್ಕೆ ತೆಗೆಯುತ್ತಾರೆ. ಅಂಗಗಳ ರೂಪ ಕಲಿಯಲು ಇದು ಸಾಕು. ಆದರೆ ಕೋಶದೊಳಗೆ ಯಾವ ಜೀನ್ ಚುರುಕಾಗಿತ್ತು ಎಂದು ಹೇಳುವ ಆರ್‌ಎನ್‌ಎ ಅಷ್ಟು ಹೊತ್ತಿಗೆ ಚೂರುಚೂರಾಗಿರುತ್ತದೆ. ಸಾವಿನ ನಂತರ ಕೆಲವೇ ಗಂಟೆಗಳೊಳಗೆ, ಫಾರ್ಮಲಿನ್ ತುಂಬುವ ಮೊದಲು, ಪ್ರತಿ ಅಂಗದಿಂದ ಅರ್ಧ ಸೆಂಟಿಮೀಟರಿನ ತುಂಡೊಂದನ್ನು ತೆಗೆದು, ಅದು ಅಂಗದ ಯಾವ ಭಾಗದ್ದು, ಯಾವ ಮೈ ಮೇಲಿತ್ತು ಎಂದು ಬರೆದು, ಒಂದು ಪಾಲು ಮೇಣದಲ್ಲಿ, ಒಂದು ಪಾಲು ತೀವ್ರ ಶೀತಲದಲ್ಲಿ ಇಟ್ಟರೆ ಅದೇ ದೇಹ ಎರಡು ಓದಿಗೂ ಒದಗುತ್ತದೆ. ಆ ತುಂಡು ತೆಗೆಯಬೇಕಾದವನು ಅಂಗರಚನೆಯ ಸ್ನಾತಕೋತ್ತರ ವಿದ್ಯಾರ್ಥಿ, ಓದಬೇಕಾದವಳು ಕೋಶವಿಜ್ಞಾನದ ಪಿಎಚ್.ಡಿ. ವಿದ್ಯಾರ್ಥಿನಿ, ಮತ್ತು ಇಬ್ಬರೂ ಆ ಹೊತ್ತಿಗೆ ಅಲ್ಲೇ ಇರಬೇಕು.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮೊದಲು ಬೇಕಾದದ್ದು ದೇಹದಾನದ ಒಪ್ಪಿಗೆ ಪತ್ರದಲ್ಲಿ ಒಂದು ಹೆಚ್ಚಿನ ಸಾಲು. ಛೇದನಕ್ಕೆ ಒಪ್ಪಿಗೆ ಬೇರೆ, ಅಂಗಾಂಶವನ್ನು ಸಂಶೋಧನೆಗಾಗಿ ಉಳಿಸಿಕೊಂಡು ಅದರ ಜೀನುಗಳನ್ನು ಓದಲು ಒಪ್ಪಿಗೆ ಬೇರೆ. ಜೀನಿನ ಮಾಹಿತಿ ದಾನಿಯದಷ್ಟೇ ಅಲ್ಲ, ಅವರ ಮಕ್ಕಳದೂ ಹೌದು. ಹಾಗಾಗಿ ಅದನ್ನು ಬದುಕಿರುವಾಗಲೇ ಅವರಿಗೂ ಮನೆಯವರಿಗೂ ಕನ್ನಡದಲ್ಲಿ ಬಿಡಿಸಿ ಹೇಳಿ, ಬೇಡವೆನ್ನುವ ಹಕ್ಕನ್ನೂ ಅದೇ ಹಾಳೆಯಲ್ಲಿ ಇಟ್ಟು, ಸಹಿ ಪಡೆಯಬೇಕು. ಎರಡನೆಯದಾಗಿ, ಎರಡು ಸಂಸ್ಥೆಗಳ ಇಬ್ಬರು ಮಾರ್ಗದರ್ಶಕರ ಕೈಕೆಳಗೆ ಒಂದೇ ಪ್ರಬಂಧ ಬರೆಯಲು, ಅದಕ್ಕೆ ಎರಡೂ ಕಡೆ ಮಾನ್ಯತೆ ಸಿಗಲು ವಿಶ್ವವಿದ್ಯಾಲಯಗಳು ದಾರಿ ಮಾಡಿಕೊಡಬೇಕು. ಹಾಗೆ ಓದಿ ಬಂದವರಿಗೆ, ಅವರು ಎಂಬಿಬಿಎಸ್ ಆಗಿರಲಿ ಬಿಡಲಿ, ಎರಡೂ ಕಡೆ ಕಲಿಸುವ ಹುದ್ದೆ ಖಚಿತವಿರಬೇಕು. ಈ ಕೊನೆಯದನ್ನು ಮೊದಲು ಮಾಡಿದರೆ ಖಾಲಿ ಸೀಟುಗಳ ಮಾತು ತಾನಾಗಿ ಕಡಿಮೆಯಾಗುತ್ತದೆ ಎಂಬುದು ನನ್ನ ನಂಬಿಕೆ. ಹುದ್ದೆಯ ಭರವಸೆಯಿಲ್ಲದ ಓದಿಗೆ ಒಳ್ಳೆಯ ವಿದ್ಯಾರ್ಥಿಗಳು ಬರಲಿ ಎಂದು ಬಯಸುವುದು ಅವರಿಗೆ ಮಾಡುವ ಅನ್ಯಾಯ.